ಖಾಲಿ ಡಬ್ಬಿ ವಾಪಸ್ ಕೊಡಬಾರದು

ಜಯನಗರದ ಆ ಅಡ್ಡರಸ್ತೆಯಲ್ಲಿ ಒಟ್ಟು ನಲವತ್ತೆರಡು ಮನೆಗಳು. ಅದರಲ್ಲಿ ನಲವತ್ತೊಂದು ಮನೆಯವರು ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡುತ್ತಾರೆ. ಇದೇನು ತಾನಾಗಿ ಆದ ಪವಾಡವಲ್ಲ. ಇದರ ಹಿಂದೆ ಲತಾಮಣಿಯ ಹನ್ನೊಂದು ವರ್ಷದ ತಪಸ್ಸಿದೆ, ಸವೆದುಹೋದ ಆರು ಜೊತೆ ಚಪ್ಪಲಿಗಳಿವೆ, ಮತ್ತು ಮುಂಜಾನೆಯ ಕಾಫಿಗೆ ಮೊದಲೇ ಆಡಿ ಮುಗಿಸಿದ ಜಗಳಗಳಿವೆ. ಉಳಿದದ್ದು ಒಂದೇ ಒಂದು ಮನೆ. ಹಣೆಬರಹ ನೋಡಿ, ಅದು ಅವಳ ಎದುರುಮನೆ.

ಎದುರುಮನೆಯ ಶಂಭುಲಿಂಗಪ್ಪನವರು ನಿವೃತ್ತ ಎಂಜಿನಿಯರ್. ಹಲಸಿನ ತೊಳೆಯ ಬೀಜ, ಹಳೇ ಬಲ್ಬು, ಹಾಲಿನ ಪ್ಯಾಕೆಟ್ಟು, ನಿನ್ನೆಯ ಉಪ್ಪಿಟ್ಟು ಎಲ್ಲವನ್ನೂ ಒಂದೇ ಕವರಿಗೆ ತುಂಬಿ, ಮೇಲೊಂದು ಗಂಟು ಹಾಕಿ ಗೇಟಿಗೆ ನೇತುಹಾಕುತ್ತಿದ್ದರು. ಕೇಳಿದರೆ ತತ್ವಜ್ಞಾನ.

"ನೋಡಿ ಮೇಡಂ, ನಾನು ಸಮಾನತೆ ನಂಬಿರೋನು. ಮನುಷ್ಯರಲ್ಲೇ ಮೇಲು ಕೀಳು ಮಾಡಬಾರದು ಅಂದ್ಮೇಲೆ ಕಸದಲ್ಲಿ ಯಾಕೆ ಮಾಡ್ಲಿ?"

ಕಸದ ಆಟೋ ಜೊತೆ ಬರುವ ಯಲ್ಲವ್ವ ಸಿದ್ದಾಪುರದಲ್ಲಿ ಬಾಡಿಗೆಗಿದ್ದಾಳೆ, ಊರು ಗದಗದ ಕಡೆ. ಅವಳು ಆ ಗಂಟನ್ನು ಬಿಚ್ಚುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಬಲ್ಬಿನ ಚೂರು ಚುಚ್ಚಿ ಒಮ್ಮೆ ಯಲ್ಲವ್ವನ ಬೆರಳಿಗೆ ಮೂರು ಹೊಲಿಗೆ ಬಿದ್ದಿದ್ದವು. ಆವತ್ತೇ ಲತಾಮಣಿ ಮನಸ್ಸಿನಲ್ಲಿ ಶಪಥ ಮಾಡಿದ್ದಳು: ಈ ಮನೆಯನ್ನು ದಾರಿಗೆ ತರದೆ ನಾನು ಈ ಬೀದಿ ಬಿಡುವುದಿಲ್ಲ.

ಬಿಡುವ ಕಾಲ ಬಂದೇಬಿಟ್ಟಿತು. ಡೆನ್ಮಾರ್ಕಿನ ಒಂದು ಪುಟ್ಟ ಊರಿನ ನಗರಸಭೆಯವರು ಅವಳನ್ನು ಎರಡು ವರ್ಷದ ಕೆಲಸಕ್ಕೆ ಕರೆದರು. ಅಲ್ಲಿಯ ಜನ ಕಸವನ್ನು ಬಣ್ಣಬಣ್ಣದ ಡಬ್ಬಗಳಲ್ಲಿ ಬಲು ಚೆಂದವಾಗಿ ವಿಂಗಡಿಸುತ್ತಾರಂತೆ. ಆದರೆ ವಿಂಗಡಿಸಲು ಅಷ್ಟೊಂದು ಕಸ ಮನೆಯಲ್ಲಿ ಯಾಕೆ ಹುಟ್ಟುತ್ತದೆ ಎನ್ನುವುದು ಮಾತ್ರ ಅವರಿಗೆ ಹೊಳೆದಿಲ್ಲ. 'ಬಿಸಾಡದೆ ಬದುಕುವುದನ್ನು ನಮ್ಮವರಿಗೆ ಕಲಿಸಿಕೊಡಿ' ಎಂದು ಅವರು ಬರೆದಿದ್ದರು. ಐವತ್ತೊಂದನೆಯ ವಯಸ್ಸಿನಲ್ಲಿ ಲತಾಮಣಿ ಆ ಕಾಗದವನ್ನು ಮೂರು ಸಲ ಓದಿ, ದೇವರ ಮುಂದಿಟ್ಟು, ಆಮೇಲೆ ಗಂಡನಿಗೆ ತೋರಿಸಿದಳು.

ಗಂಡ ವೆಂಕಟಾಚಲ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವನು. ವೀಸಾ ಅರ್ಜಿಯಲ್ಲಿ ಅವನ ಹೆಸರಿನ ಮುಂದೆ 'ಪತ್ನಿಯ ಅವಲಂಬಿತ' ಎಂದು ಬರೆಯಬೇಕಾಯಿತು. ಅವನಿಗೆ ಬೇಸರವಾಗುತ್ತದೇನೋ ಎಂದು ಲತಾಮಣಿ ಹೆದರಿದ್ದರೆ, ಅವನು ಆ ಕಾಗದದ ಪ್ರತಿ ತೆಗೆಸಿಟ್ಟುಕೊಂಡ. (ಮದುವೆಯಾದ ದಿನದಿಂದ ಇದ್ದ ಸಂಗತಿಗೆ ಈಗಲಾದರೂ ಒಂದು ಸರ್ಕಾರಿ ಮುದ್ರೆ ಬಿತ್ತಲ್ಲ ಎಂಬ ಸಮಾಧಾನ ಅವನದು.)

ಅತ್ತೆ ಸೀತಮ್ಮನವರಂತೂ ಚಿಕ್ಕಲಸಂದ್ರದ ಮಗಳ ಮನೆಗೆ ಹೊರಡಲು ತುದಿಗಾಲಲ್ಲಿ ನಿಂತಿದ್ದರು. ಅಲ್ಲಿ ಗೋಡೆಯಗಲದ ಟಿವಿ ಇದೆ, ಮೇಲಾಗಿ ಕಸದ ಬಗ್ಗೆ ಉಪನ್ಯಾಸ ಇಲ್ಲ. ಅವರಿಗಿದ್ದ ಚಿಂತೆ ಒಂದೇ: ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಅವರ ಕವರು. ಅದರ ಹೊಟ್ಟೆಯ ತುಂಬ ಕವರುಗಳು. ಸೀರೆ ಅಂಗಡಿಯದು, ಔಷಧಿ ಅಂಗಡಿಯದು, ಯಾರದೋ ಗೃಹಪ್ರವೇಶದ್ದು. ಎಲ್ಲವನ್ನೂ ತೊಳೆದು, ಒಣಗಿಸಿ, ತ್ರಿಕೋನವಾಗಿ ಮಡಿಸಿ ಇಟ್ಟಿದ್ದರು.

"ಅಮ್ಮಾ, ಈ ಪ್ಲಾಸ್ಟಿಕ್ ಮ್ಯೂಸಿಯಂ ಇನ್ನೂ ಯಾಕೆ?" ಎಂದು ಲತಾಮಣಿ ಕೇಳದ ವಾರವಿಲ್ಲ.

"ಇರ್ಲಿ ಬಿಡೇ. ಯಾವುದಕ್ಕಾದ್ರೂ ಬರುತ್ತೆ" ಎಂದು ಸೀತಮ್ಮನವರು ಹೇಳದ ವಾರವೂ ಇಲ್ಲ.

ಬೀದಿಯವರು ಪಾರ್ಕಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. ಶಾಲು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಬಂದಿತ್ತು. ಹಣ್ಣಿನ ಬುಟ್ಟಿಗೂ ಅದೇ ಪಾರದರ್ಶಕ ಅಂಗಿ. ಲತಾಮಣಿ ಶಾಲು ಹೊದೆಸಿಕೊಂಡು, ಸುತ್ತಿದ್ದ ಹಾಳೆಯನ್ನು ಮಡಿಸಿ ಅಧ್ಯಕ್ಷರ ಕೈಗೇ ಕೊಟ್ಟಳು. ಜನ ನಕ್ಕರು. ಆಗ ಶಂಭುಲಿಂಗಪ್ಪನವರು ಎರಡು ಮಾತಾಡುವುದಾಗಿ ಎದ್ದರು.

"ಲತಾಮಣಿ ಮೇಡಂ ನನಗೆ ಒಂದು ಬಾಳೆಹಣ್ಣಿನ ಸಿಪ್ಪೆ ವಿಷಯವಾಗಿ ಹನ್ನೊಂದು ವರ್ಷ ಪಾಠ ಮಾಡಿದ್ರು. ಭೂಮಿ ಬಿಸಿಯಾಗ್ತಿದೆ ಅಂದ್ರು. ಈಗ ಅವರೇ ಟನ್‌ಗಟ್ಟಲೆ ಎಣ್ಣೆ ಸುಡೋ ವಿಮಾನ ಹತ್ತುತಾ ಇದಾರೆ. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಹೋಗಿ ಬನ್ನಿ ಮೇಡಂ, ಶುಭವಾಗಲಿ."

ಚಪ್ಪಾಳೆ ಬಿತ್ತು. ಲತಾಮಣಿಗೆ ಮುಖದ ರಕ್ತವೆಲ್ಲ ಕಿವಿಗೆ ಹೋಯಿತು. ಯಾಕೆಂದರೆ ಅದೇ ಮಾತನ್ನು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಬೆಂಗಳೂರಿನ ಸಿಪ್ಪೆಯನ್ನು ಬಿಟ್ಟು ಅಲ್ಲಿಯ ಸಿಪ್ಪೆಗಾಗಿ ಹಾರಿ ಹೋಗುವುದು ಸರಿಯೇ ಎಂಬ ಪ್ರಶ್ನೆಗೆ ಅವಳ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಿದ್ದಾಗ ಅವಳಿಗೆ ಯಾವಾಗಲೂ ಧೈರ್ಯ ಜಾಸ್ತಿ.

"ಹೌದು ಸಾರ್, ವಿಮಾನ ಹತ್ತುತೀನಿ. ಈಜ್ಕೊಂಡು ಹೋಗಕ್ಕಾಗಲ್ಲ. ಆದ್ರೆ ಕೇಳಿ, ಎಲ್ರೂ ಕೇಳಿ! ನಮ್ಮನೆ ಖಾಲಿ ಮಾಡುವಾಗ ಒಂದು ಹಿಡಿ ಕಸ ಆಚೆ ಬೀಳಲ್ಲ. ಒಬ್ಬೊಬ್ರಿಗೆ ಒಂದೇ ಸೂಟ್‌ಕೇಸು. ಅದರಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಕವರು ಇರಲ್ಲ. ಇದ್ರೆ, ಒಂದು ತಿಂಗಳು ನಿಮ್ಮನೆ ಕಸ ನಾನು ವಿಂಗಡಿಸ್ತೀನಿ. ಇಲ್ದಿದ್ರೆ, ನೀವು ಜನ್ಮಪೂರ್ತಿ ವಿಂಗಡಿಸ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ" ಎಂದರು ಶಂಭುಲಿಂಗಪ್ಪನವರು. ನಲವತ್ತೆರಡನೆಯ ಮನೆ ಲತಾಮಣಿಯ ಕಣ್ಣೆದುರಿಗೇ ಬಂದು ನಿಂತಿತು.

ಮರುದಿನದಿಂದ ಮನೆ ಖಾಲಿ ಮಾಡುವ ಮಹಾಯಜ್ಞ ಆರಂಭವಾಯಿತು. ಮಂಚ, ಬೀರು, ಪುಸ್ತಕಗಳು ಬೇಕಾದವರ ಪಾಲಾದವು. ಕಷ್ಟವಾದದ್ದು ಅಡುಗೆಮನೆ. ಬೇಳೆ, ಅಕ್ಕಿ, ಸಾರಿನ ಪುಡಿ, ಹುಣಸೆಹಣ್ಣು, ಸಂಡಿಗೆ, ಅತ್ತೆ ಮಾಡಿಟ್ಟ ಪುಳಿಯೋಗರೆ ಗೊಜ್ಜು. ಇದನ್ನೆಲ್ಲ ಕವರಿಗೆ ಹಾಕಿ ಕೊಡುವಂತಿಲ್ಲ. ಲತಾಮಣಿ ಅಟ್ಟದಿಂದ ಇಪ್ಪತ್ತೆಂಟು ಸ್ಟೀಲ್ ಡಬ್ಬಿಗಳನ್ನು ಇಳಿಸಿ, ತುಂಬಿ, ಮನೆಮನೆಗೆ ಕೊಟ್ಟು ಬಂದಳು. "ಡಬ್ಬಿ ಮಾತ್ರ ವಾಪಸ್ ಕೊಟ್ಬಿಡಿ, ಬಸವನಗುಡಿ ಮಠದ ಪಾಕಶಾಲೆಗೆ ಕೊಡ್ತೀನಿ ಅಂದಿದೀನಿ" ಎಂದು ಎಲ್ಲ ಕಡೆ ಹೇಳಿದಳು.

ಇಲ್ಲಿಯೇ ಎಡವಟ್ಟಾದದ್ದು. ಇಂಗಾಲದ ಲೆಕ್ಕ ಗೊತ್ತಿದ್ದ ಲತಾಮಣಿ ಇಂಥ ಸಣ್ಣ ವಿಷಯವನ್ನು ಮರೆತಿದ್ದಳು: ನಮ್ಮ ಕಡೆ ಯಾರೂ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ.

ಮೊದಲನೆಯ ದಿನ ಮೂಲೆಮನೆಯ ಮಧುಮತಿ ತೊಗರಿಬೇಳೆಯ ಡಬ್ಬಿಯನ್ನು ತಂದುಕೊಟ್ಟಳು. ಮುಚ್ಚಳ ತೆಗೆದರೆ ಕೋಡುಬಳೆ.

"ಅಯ್ಯೋ, ಇದೇನೇ ಇದು? ಖಾಲಿ ಕೊಡು ಅಂದಿದ್ನಲ್ಲ!"

"ಹೊರಟು ನಿಂತಿರೋರ ಮನೆಗೆ ಖಾಲಿ ಡಬ್ಬಿ ತರೋದಾ ಆಂಟಿ? ನಮ್ಮಮ್ಮ ನನ್ನ ಬಿಡ್ತಾರಾ?"

ಮಾಮೂಲಿ ದಿನಗಳಲ್ಲಿ ಒಂದು ಚಮಚ ಸಕ್ಕರೆ ಹಾಕಿ ಕೊಟ್ಟರೆ ಸಂಪ್ರದಾಯ ಮುಗಿಯುತ್ತದೆ. ಆದರೆ ಇವಳು ಸಮುದ್ರ ದಾಟಿ ಹೋಗುವವಳು; ಚಮಚ ಸಕ್ಕರೆ ಯಾವ ಮೂಲೆಗೆ? ಬೇಳೆ ಹೋದ ಡಬ್ಬಿಯಲ್ಲಿ ಚಕ್ಕುಲಿ ಬಂತು, ರವೆ ಹೋದದ್ದರಲ್ಲಿ ರವೆ ಉಂಡೆ ಬಂತು, ಹುಣಸೆಹಣ್ಣು ಹೋದದ್ದರಲ್ಲಿ ಮಾವಿನ ಮಿಡಿ ಬಂತು. 'ಅಲ್ಲಿ ಏನು ಸಿಗುತ್ತೋ ಏನೋ' ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ಲತಾಮಣಿ ಚಕ್ಕುಲಿಯನ್ನು ಹತ್ತನೇ ಮನೆಗೆ ಕೊಟ್ಟರೆ ಅಲ್ಲಿಂದ ಚಟ್ನಿಪುಡಿ ಬಂತು. ಚಟ್ನಿಪುಡಿಯನ್ನು ಇಪ್ಪತ್ತನೇ ಮನೆಗೆ ದಾಟಿಸಿದರೆ ಹಪ್ಪಳದ ಕಟ್ಟು ಬಂತು. ವಾರ ಕಳೆಯುವಷ್ಟರಲ್ಲಿ ಮಂಚ ಹೋದ ಜಾಗದಲ್ಲಿ ತಿಂಡಿಯ ಗುಡ್ಡ ಎದ್ದಿತ್ತು.

"ಲತಾ, ನಾವು ಮನೆ ಖಾಲಿ ಮಾಡ್ತಿದೀವೋ, ಕಾಂಡಿಮೆಂಟ್ಸ್ ಅಂಗಡಿ ಇಡ್ತಿದೀವೋ?" ಎಂದು ವೆಂಕಟಾಚಲ ಮೂರನೇ ಕೋಡುಬಳೆ ಮುರಿಯುತ್ತ ಕೇಳಿದ.

"ನೀವು ಸುಮ್ನೆ ತಿನ್ನಿ. ಅದೇ ನಿಮ್ಮ ಸೇವೆ."

"ತಿಂತಾನೇ ಇದೀನಲ್ಲೇ. ಪ್ಯಾಂಟಿನ ಗುಂಡಿ ರಾಜೀನಾಮೆ ಕೊಟ್ಟಿದೆ."

ಹದಿಮೂರನೆಯ ದಿನ ಒಂದು ಡಬ್ಬಿ ಬಂತು. ಸೀತಮ್ಮನವರು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಪರವಾಗಿಲ್ವೇ, ಈ ಬೀದೀಲೂ ನನ್ನಷ್ಟು ಚೆನ್ನಾಗಿ ಗೊಜ್ಜು ಕಾಯಿಸೋರು ಇದಾರೆ!" ಎಂದು ದೊಡ್ಡ ಮನಸ್ಸು ಮಾಡಿ ಹೊಗಳಿದರು. ವಿಚಾರಿಸಿದರೆ ಅದು ಅವರದೇ ಗೊಜ್ಜು. ಐದು ಮನೆ ಸುತ್ತಿ, ಯಾರೂ ಮುಟ್ಟದೆ, ಎಲ್ಲರ ಪ್ರೀತಿಯ ಸಮೇತ ತವರಿಗೆ ವಾಪಸಾಗಿತ್ತು.

"ಇದೇ ಅಲ್ವೇನೇ ನೀನು ಭಾಷಣದಲ್ಲಿ ಹೇಳ್ತಿದ್ದ ಚಕ್ರ?" ಎಂದ ವೆಂಕಟಾಚಲ. "ಯಾವ ವಸ್ತುವೂ ವ್ಯರ್ಥ ಆಗಬಾರದು, ಸುತ್ತುತಾನೇ ಇರಬೇಕು ಅಂತ?"

ಲತಾಮಣಿ ಅವನ ಕಡೆ ನೋಡಿದ ನೋಟಕ್ಕೆ ಅವನು ಇನ್ನೊಂದು ಕೋಡುಬಳೆ ತೆಗೆದುಕೊಂಡು ವರಾಂಡಕ್ಕೆ ಹೋದ. ಎದುರುಮನೆಯ ಮೊದಲ ಮಹಡಿಯಿಂದ ಶಂಭುಲಿಂಗಪ್ಪನವರು ಪೇಪರ್ ಅಡ್ಡ ಹಿಡಿದುಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಇಷ್ಟೆಲ್ಲ ತಿಂಡಿ ಕೊನೆಗೆ ಕಸದ ಆಟೋ ಹತ್ತಲೇಬೇಕಲ್ಲ ಎಂಬ ನಗೆ ಅವರ ಮೀಸೆಯಡಿ ಕಾಣುತ್ತಿತ್ತು.

ಆ ನಗೆ ಕಂಡದ್ದೇ ತಡ, ಲತಾಮಣಿ ಸೆರಗು ಸಿಕ್ಕಿಸಿದಳು. ಭಾನುವಾರ ಕಾಂಪೌಂಡಿನಲ್ಲಿ ಬಾಳೆಲೆ ಹಾಕಿಸಿ, ವಾರ್ಡಿನ ಪೌರಕಾರ್ಮಿಕರನ್ನೆಲ್ಲ ಊಟಕ್ಕೆ ಕರೆದಳು. ಪುಳಿಯೋಗರೆ, ಕೋಸಂಬರಿ, ಪಾಯಸ, ಜೊತೆಗೆ ಗುಡ್ಡದ ಸಮಸ್ತ ತಿಂಡಿಗಳು. ಉಳಿದದ್ದನ್ನು ಅವರು ಡಬ್ಬಿಗಳಲ್ಲೇ ಮನೆಗೆ ಒಯ್ದರು. ಎಲೆಗಳು ಗೊಬ್ಬರದ ಗುಂಡಿಗೆ ಹೋದವು. ಸಂಜೆಗೆ ಅಡುಗೆಮನೆಯಲ್ಲಿ ಒಂದು ಸಾಸಿವೆ ಕಾಳೂ ಇರಲಿಲ್ಲ. ಲತಾಮಣಿ ಗೇಟಿಗೆ ಬಂದು ನಿಂತು, ಮೊದಲ ಮಹಡಿಯ ಕಡೆ ತಲೆಯೆತ್ತಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡಳು. ಪೇಪರ್ ಮಡಿಚಿಕೊಂಡಿತು.

ಹೊರಡುವ ದಿನ ಬೆಳಿಗ್ಗೆ ಯಲ್ಲವ್ವ ತೊಳೆದ ಡಬ್ಬಿಗಳನ್ನೆಲ್ಲ ಗೋಣಿಯಲ್ಲಿ ತಂದಳು. ಒಂದು ಡಬ್ಬಿ ಮಾತ್ರ ಅವಳ ಕೈಯಲ್ಲಿತ್ತು.

"ಅಕ್ಕಾರ, ಇದರಾಗ ಅಗಸಿ ಚಟ್ನಿ ಹಿಂಡಿ ಐತ್ರಿ. ನಮ್ಮವ್ವ ಊರಿಂದ ಕಳಿಸ್ಯಾಳ. ಖಾಲಿ ಡಬ್ಬಿ ಹೆಂಗ ಕೊಡ್ಲಿ ನಾ?"

ಇಡೀ ಬೀದಿಯನ್ನು ಬೈದಿದ್ದ ಲತಾಮಣಿಗೆ ಯಲ್ಲವ್ವನನ್ನು ಬೈಯಲು ಬಾಯಿ ಬರಲಿಲ್ಲ. ಮೂರು ಹೊಲಿಗೆಯ ಗುರುತಿದ್ದ ಆ ಬೆರಳನ್ನೇ ನೋಡುತ್ತ ಅಗಸೆ ಪುಡಿಯ ಡಬ್ಬಿ ಇಸಿದುಕೊಂಡಳು. ಸ್ಟೀಲ್ ಡಬ್ಬಿ ತಾನೆ, ಶಪಥಕ್ಕೇನೂ ಭಂಗವಿಲ್ಲ. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಅದಕ್ಕೆ ಜಾಗ ಮಾಡಿದಳು.

ಕ್ಯಾಬ್ ಬಂತು. ಬೀದಿಗೆ ಬೀದಿಯೇ ಗೇಟಿನ ಮುಂದೆ ಸೇರಿತು. ಶಂಭುಲಿಂಗಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

"ಇಪ್ಪತ್ಮೂರು ಕೆಜಿಗಿಂತ ಜಾಸ್ತಿ ಬಿಡಲ್ಲ ಮೇಡಂ. ಇಲ್ಲೇ ತೂಕ ಹಾಕ್ಬಿಡೋದು ಒಳ್ಳೇದು" ಎಂದರು ಮುಗ್ಧವಾಗಿ.

"ಹಾಕಿ ಸಾರ್! ನಂದು ಸರಿಯಾಗಿ ಇಪ್ಪತ್ತೆರಡೂಮುಕ್ಕಾಲು. ಚಟ್ನಿ ಹಿಂಡಿನೂ ಸೇರಿ."

ಯಲ್ಲವ್ವ ಒಣ ಕಸ ತೂಗುವ ಕೊಕ್ಕೆ ತಕ್ಕಡಿ ತಂದಳು. ವೆಂಕಟಾಚಲನ ಸೂಟ್‌ಕೇಸು ಸರಿಯಾಗಿ ಇಪ್ಪತ್ಮೂರು ತೂಗಿತು. ಲತಾಮಣಿಯದು ಇಪ್ಪತ್ತಾರೂವರೆ.

"ತಕ್ಕಡಿ ಸರಿಯಿಲ್ಲ" ಎಂದಳು ಲತಾಮಣಿ.

"ಹತ್ತು ವರ್ಸದಿಂದ ಇದರಾಗ ತೂಗಾಕತ್ತೀನ್ರಿ ಅಕ್ಕಾರ" ಎಂದಳು ಯಲ್ಲವ್ವ.

ಸೂಟ್‌ಕೇಸನ್ನು ಫುಟ್‌ಪಾತಿನ ಮೇಲೇ ತೆಗೆಯಬೇಕಾಯಿತು. ಸೀರೆ ಸರಿಸಿದರೆ ತಳದಲ್ಲಿ ಒಂದು ದುಂಡನೆಯ ಗಂಟು. ಲತಾಮಣಿ ಇಟ್ಟದ್ದಲ್ಲ. ಮೇಲಿನದು ಸೀರೆ ಅಂಗಡಿಯ ಕವರು. ಅದನ್ನು ಬಿಚ್ಚಿದರೆ ಔಷಧಿ ಅಂಗಡಿಯದು. ಅದರೊಳಗೆ ಬೇಕರಿಯದು. ಬಿಚ್ಚಿದಷ್ಟೂ ಕವರು, ದ್ರೌಪದಿಯ ಸೀರೆ ಹಾಗೆ. ಬೀದಿಯವರು ಗಟ್ಟಿಯಾಗಿ ಎಣಿಸತೊಡಗಿದರು. ಏಳನೆಯದನ್ನು ಎತ್ತಿ ಹಿಡಿದಾಗ ಎಲ್ಲರಿಗೂ ಅದರ ಮೇಲಿನ ಅಕ್ಷರ ಕಂಡಿತು: 'ಇಂಚರ ಮತ್ತು ಭಾರ್ಗವ, ಶುಭವಿವಾಹ'. ಒಳಗೆ ಮೂರೂಮುಕ್ಕಾಲು ಕೆಜಿಯ ಉಪ್ಪಿನಕಾಯಿ ಭರಣಿ.

ಇಂಚರ ಶಂಭುಲಿಂಗಪ್ಪನವರ ಮಗಳು. ಒಂಬತ್ತು ವರ್ಷದ ಹಿಂದೆ ಅವಳ ಮದುವೆಯಲ್ಲಿ ತಾಂಬೂಲವನ್ನು ಈ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದಕ್ಕೆ ಲತಾಮಣಿ ಛತ್ರದ ಬಾಗಿಲಲ್ಲೇ ಜಗಳವಾಡಿ, ತೆಂಗಿನಕಾಯಿ ಇಟ್ಟುಕೊಂಡು ಚೀಲ ವಾಪಸ್ ಕೊಟ್ಟು ಬಂದಿದ್ದಳು.

"ಅಮ್ಮಾ!" ಎಂದಳು ಲತಾಮಣಿ.

"ನೀನು ಆಚೆ ಹೋದ್ಮೇಲೆ ನಾನು ಹೋಗಿ ಇಸ್ಕೊಂಡು ಬಂದೆ ಕಣೇ. ಚೀಲ ಗಟ್ಟಿಯಾಗಿತ್ತು" ಎಂದರು ಸೀತಮ್ಮನವರು, ಒಂದಿಷ್ಟೂ ಅಳುಕಿಲ್ಲದೆ. "ನೀನು ಗೇಟಲ್ಲಿ ಮಾತಾಡ್ತಿದ್ದಾಗ ಭರಣಿ ಇಟ್ಟೆ. ಆ ಊರಲ್ಲಿ ಉಪ್ಪಿನಕಾಯಿ ಇಲ್ದೆ ನನ್ನ ಮಗ ಹೇಗೆ ಊಟ ಮಾಡ್ತಾನೆ? ಕವರು ಸುತ್ತದೆ ಇದ್ದಿದ್ರೆ ಎಣ್ಣೆ ಸೋರಿ ನಿನ್ನ ರೇಷ್ಮೆ ಸೀರೆ ಗತಿ ಏನಾಗ್ತಿತ್ತು? ಯಾವುದಕ್ಕಾದ್ರೂ ಬರುತ್ತೆ ಅಂತ ಹೇಳಿರಲಿಲ್ವಾ?"

ನಗು ಬೀದಿಯ ಆ ತುದಿಯವರೆಗೂ ಹೋಯಿತು. ಶಂಭುಲಿಂಗಪ್ಪನವರು ಮಾತ್ರ ನಗಲಿಲ್ಲ. ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, "ಹೋಗ್ಲಿ ಬಿಡಿ ಮೇಡಂ. ಪ್ರಯಾಣದ ಹೊತ್ತು. ನಾನು ಕ್ಷಮಿಸಿದೀನಿ" ಎಂದರು.

ಅವರು ನಕ್ಕಿದ್ದರೆ ಲತಾಮಣಿ ಸೋಲು ಒಪ್ಪಿಕೊಂಡು ಕ್ಯಾಬ್ ಹತ್ತುತ್ತಿದ್ದಳೋ ಏನೋ. ಕ್ಷಮಿಸಿದ್ದು ಅವಳಿಗೆ ಬೆಂಕಿ ಇಟ್ಟ ಹಾಗಾಯಿತು.

"ಕ್ಷಮೆ ನಿಮ್ಮ ಹತ್ರಾನೇ ಇಟ್ಕೊಳ್ಳಿ ಸಾರ್! ಸೋತಿದೀನಿ, ಆದ್ರೆ ಓಡಿ ಹೋಗ್ತಿಲ್ಲ. ಒಂದು ತಿಂಗಳು ಅಂದ್ರೆ ಒಂದು ತಿಂಗಳು. ದಿನಾ ಹನ್ನೊಂದೂವರೆಗೆ ವಿಡಿಯೋ ಕಾಲ್ ಮಾಡ್ತೀನಿ. ನಿಮ್ಮನೆ ಕಸ ನಾನೇ ವಿಂಗಡಿಸ್ತೀನಿ."

"ಡೆನ್ಮಾರ್ಕಿಂದ ಇಲ್ಲಿಗೆ ಕೈ ಎಟಕುತ್ತಾ?"

"ಕೈ ನಿಮ್ದು, ಬಾಯಿ ನಂದು."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ. ಮೂರೂವರೆ ಕೆಜಿ ಇಳಿಸಬೇಕಿತ್ತು. ಭರಣಿ ತೆಗೆಯೋಣವೆಂದರೆ ಅತ್ತೆಯ ಕಣ್ಣಲ್ಲಿ ಆಗಲೇ ನೀರಿತ್ತು, ಗಂಡನ ಕಣ್ಣಲ್ಲೂ ಇತ್ತು. ಚಟ್ನಿ ಹಿಂಡಿಯನ್ನಂತೂ ತೆಗೆಯುವ ಮಾತೇ ಇಲ್ಲ. ಕೊನೆಗೆ ಹವಾಮಾನ ಬದಲಾವಣೆಯ ನಾಲ್ಕು ದಪ್ಪ ವರದಿಗಳು ಹೊರಗೆ ಬಂದವು. ಯಲ್ಲವ್ವ ಅವನ್ನು ತಕ್ಕಡಿಗೆ ಹಾಕಿ, ಒಣ ಕಸದ ಚೀಲಕ್ಕೆ ಇಳಿಸಿಕೊಂಡಳು. ಹೇಗೂ ಶಪಥ ಮುರಿದಾಯಿತೆಂದು ಸೀತಮ್ಮನವರು ಭರಣಿಗೆ ಇಂಚರ ಮತ್ತು ಭಾರ್ಗವರ ಚೀಲವನ್ನು ಮತ್ತೆ ಬಿಗಿದು ಕಟ್ಟಿ ಒಳಗಿಟ್ಟರು.

ಲತಾಮಣಿ ಮಾತಿಗೆ ತಪ್ಪಲಿಲ್ಲ. ಅಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ಹನ್ನೊಂದೂವರೆ. ಶಂಭುಲಿಂಗಪ್ಪನವರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಸ ಹಿಡಿದು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಗೆದ್ದವರು ತಾವು, ಕೂತವರೂ ತಾವೇ ಹೇಗಾದೆವೆಂದು ಅವರಿಗೆ ಮೊದಲ ವಾರವೆಲ್ಲ ಅರ್ಥವಾಗಲಿಲ್ಲ.

"ಅದು ಹಸಿ ಸಾರ್. ಎಡಗಡೆ. ಆ ಹಾಲಿನ ಪ್ಯಾಕೆಟ್ಟು ತೊಳೀರಿ."

"ನೀರು ವೇಸ್ಟ್ ಆಗಲ್ವಾ ಮೇಡಂ?"

"ಅಕ್ಕಿ ತೊಳೆದ ನೀರಲ್ಲಿ ತೊಳೀರಿ. ಬಲ್ಬು ಕಾಗದದಲ್ಲಿ ಸುತ್ತಿ, ಮೇಲೆ ಬರೀರಿ. ಯಲ್ಲವ್ವನ ಕೈ ನೆನಪಿರಲಿ."

ಇಪ್ಪತ್ತನೇ ದಿನಕ್ಕೆ ಅವರು ಕೇಳದೆಯೇ ಸರಿಯಾಗಿ ಹಾಕತೊಡಗಿದರು. ಇಪ್ಪತ್ತೈದನೇ ದಿನ ಪಕ್ಕದ ಮನೆಯವರ ತಪ್ಪು ಕಂಡುಹಿಡಿದು ಜಗಳವಾಡಿದರು. ಲತಾಮಣಿ ಆವತ್ತು ಆಫೀಸಿಗೆ ಹಾಡು ಗುನುಗುತ್ತ ಹೋದಳು. ನಲವತ್ತೆರಡಕ್ಕೆ ನಲವತ್ತೆರಡು! ಬಂದದ್ದು ಸಾರ್ಥಕ, ವಿಮಾನದ ಹೊಗೆಗೆ ಇಷ್ಟಾದರೂ ಪ್ರಾಯಶ್ಚಿತ್ತವಾಯಿತು ಎಂದುಕೊಂಡಳು.

ಮೂವತ್ತನೆಯ ದಿನ ಮಂಗಳ ಹಾಡಲು ಸೀತಮ್ಮನವರು ಚಿಕ್ಕಲಸಂದ್ರದಿಂದ ಶಂಭುಲಿಂಗಪ್ಪನವರ ಹಿತ್ತಲಿಗೆ ಬಂದಿದ್ದರು. ಯಲ್ಲವ್ವನೂ ನಿಂತಿದ್ದಳು. ಅತ್ತ ಡೆನ್ಮಾರ್ಕಿನಲ್ಲಿ ಲತಾಮಣಿ ತಲೆ ಬಾಚಿಕೊಳ್ಳಬೇಕಿದ್ದರಿಂದ ಫೋನನ್ನು ವೆಂಕಟಾಚಲ ಹಿಡಿದುಕೊಂಡು ಅಡುಗೆಮನೆ ದಾಟಿ ಬರುತ್ತಿದ್ದ.

"ನಿಲ್ಸಿ, ನಿಲ್ಸಿ!" ಎಂದರು ಶಂಭುಲಿಂಗಪ್ಪನವರು. "ವೆಂಕಟಾಚಲ, ಒಂದು ಹೆಜ್ಜೆ ಹಿಂದೆ ಹೋಗಪ್ಪ. ಆ ಬಾಗಿಲ ಹಿಂದೆ ಏನದು?"

ವೆಂಕಟಾಚಲ ಫೋನ್ ತಿರುಗಿಸಿದ. (ಅವಲಂಬಿತನಿಗೆ ಯೋಚನೆ ಯಾವಾಗಲೂ ತಡ.) ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಚೀಲ ನೇತಾಡುತ್ತಿತ್ತು. ಬ್ರೆಡ್ಡಿನ ಕವರು, ಕ್ಯಾರೆಟ್ಟಿನ ಕವರು, ಆಲೂಗಡ್ಡೆಯ ಕವರು, ಎಲ್ಲವೂ ತೊಳೆದು, ಒಣಗಿಸಿ, ತ್ರಿಕೋನವಾಗಿ ಮಡಿಸಿ ಅದರೊಳಗೆ ಕೂತಿದ್ದವು. ತುಂಬಿ ಬಿರಿಯುತ್ತಿದ್ದ ಚೀಲದ ಹೊಟ್ಟೆಯ ಮೇಲೆ ಕೆಂಪಕ್ಷರದಲ್ಲಿ 'ಇಂಚರ ಮತ್ತು ಭಾರ್ಗವ, ಶುಭವಿವಾಹ' ಎಂದಿತ್ತು.

ಜಯನಗರದ ಹಿತ್ತಲಲ್ಲಿ ಸೀತಮ್ಮನವರು ಕನ್ನಡಕ ಸರಿಮಾಡಿಕೊಂಡು ಫೋನಿಗೆ ಮುಖ ಹತ್ತಿರ ತಂದರು.

"ಇದೇನೇ ಲತಾ ಇದು?"

ಬಾಚಣಿಗೆ ಹಿಡಿದು ಓಡಿ ಬಂದ ಲತಾಮಣಿ ಬಾಗಿಲಿಗೂ ಫೋನಿಗೂ ನಡುವೆ ನಿಂತಳು. ಮುಚ್ಚಲಿಕ್ಕಾಗದಷ್ಟು ದೊಡ್ಡದಾಗಿತ್ತು ಚೀಲ. ಅವಳು ಕೂದಲು ಹಿಂದಕ್ಕೆ ತಳ್ಳಿ, ಗದ್ದ ಮೇಲೆತ್ತಿದಳು.

"ಇರ್ಲಿ ಬಿಡಿ. ಯಾವುದಕ್ಕಾದ್ರೂ ಬರುತ್ತೆ."